ಕಾಡೆಮ್ಮೆಗೂ ಪಹಣಿ ಇದ್ದರೆ? ದಕ್ಷಿಣ ಆಫ್ರಿಕಾದಲ್ಲಿ ಕಂಡದ್ದು

ತೋಟದಮನೆ (ಸಕಲೇಶಪುರ ಕಡೆ)

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಮಗಳ ಮನೆಗೆ ಅಂತ ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದೆ. ಒಂದು ಶನಿವಾರ ಅಳಿಯ ಲಿಂಪೊಪೊ ಪ್ರಾಂತ್ಯದ ಕಡೆ ಕರ್ಕೊಂಡು ಹೋದ. ಯಾವುದೋ ಸರ್ಕಾರಿ ಅಭಯಾರಣ್ಯ ಇರಬೇಕು ಅಂದ್ಕೊಂಡಿದ್ದೆ. ನೋಡಿದ್ರೆ ಒಬ್ಬ ರೈತನ ಜಮೀನು! ಅವರಪ್ಪ ಅಲ್ಲಿ ದನ ಸಾಕ್ತಿದ್ದರಂತೆ. ಇವನು ದನ ಎಲ್ಲ ಮಾರಿ, ಆಳಿಗಿಂತ ಎತ್ತರದ ತಂತಿ ಬೇಲಿ ಹಾಕ್ಸಿ, ಇಂಪಾಲ, ಕುಡು ಅನ್ನೋ ಹುಲ್ಲೆಗಳು, ಜೀಬ್ರಾ, ಒಂದಷ್ಟು ಕಾಡೆಮ್ಮೆ ಬಿಟ್ಟಿದ್ದಾನೆ.

"ಇವೆಲ್ಲ ಯಾರದ್ದು?" ಅಂತ ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥ ಆಗಲಿಲ್ಲ. "ನಂದು" ಅಂದ. ಮಾರಬಹುದು, ಕೊಳ್ಳಬಹುದು, ಮಾಂಸ ಮಾಡಬಹುದು, ದುಡ್ಡು ತಗೊಂಡು ಬೇಟೆಗಾರರನ್ನ ಬಿಡಬಹುದು. ನಮ್ಮಲ್ಲಿ ಗದ್ದೆಗೆ ಪಹಣಿ ಇದ್ದ ಹಾಗೆ ಅಲ್ಲಿ ಕಾಡೆಮ್ಮೆಗೂ ಪಹಣಿ ಇದೆ ಅನ್ನಿ.

ನಮ್ಮ ತೋಟಕ್ಕೆ ಹೋದ ವರ್ಷ ಆನೆ ಮೂರು ಸಲ ಬಂತು. ಬಾಳೆ ಹೋಯ್ತು, ಸ್ಪ್ರಿಂಕ್ಲರ್ ಪೈಪು ಹೋಯ್ತು, ಮುರಿದ ಕಾಫಿ ಗಿಡಕ್ಕೆ ಲೆಕ್ಕ ಇಲ್ಲ. ಆನೆ ಸರ್ಕಾರದ್ದು, ನಷ್ಟ ನಂದು. ಅಲ್ಲಿ ಕಾಡೆಮ್ಮೆ ಕರು ಹಾಕಿದ್ರೆ ಆ ರೈತನಿಗೆ ಹಬ್ಬ. ಇದನ್ನ ಕಂಡು ನನಗೆ ಹೊಟ್ಟೆಕಿಚ್ಚೂ ಆಯ್ತು, ಅನುಮಾನವೂ ಬಂತು. ಪ್ರಾಣಿಗೊಬ್ಬ ಒಡೆಯ ಇದ್ದರೆ ಪ್ರಾಣಿ ಉಳಿಯುತ್ತಾ, ಇಲ್ಲ ಒಡೆಯ ಮಾತ್ರ ಉಳೀತಾನಾ? ಆ ಕಡೆ ಇರೋರು ಯಾರಾದ್ರೂ ತಿಳಿದಿದ್ದನ್ನ ಹೇಳಿ.

ಹೈವೆಲ್ಡ್ ಕನ್ನಡಿಗ (ಪ್ರಿಟೋರಿಯಾ)

ಸರ್, ಹದಿನಾಲ್ಕು ವರ್ಷದಿಂದ ಇಲ್ಲೇ ಇದ್ದೀನಿ, ಗೊತ್ತಿದ್ದಷ್ಟು ಹೇಳ್ತೀನಿ.

ಇಲ್ಲಿನ ಹಳೇ ಕಾನೂನಿನ ಪ್ರಕಾರ ಕಾಡುಪ್ರಾಣಿ ಅಂದರೆ ಒಡೆಯನಿಲ್ಲದ ವಸ್ತು. ಹಿಡಿದವನದ್ದು. ನಿಮ್ಮ ಬೇಲಿ ಹಾರಿ ಪಕ್ಕದವನ ಜಮೀನಿಗೆ ಹೋದರೆ ಅವನದ್ದು. ಹೀಗಿದ್ದಾಗ ಯಾರು ತಾನೇ ಲಕ್ಷಗಟ್ಟಲೆ ಸುರಿದು ಘೇಂಡಾಮೃಗ ತಂದು ಬಿಡ್ತಾರೆ? 1991ರಲ್ಲಿ ಗೇಮ್ ಥೆಫ್ಟ್ ಕಾಯ್ದೆ ಬಂತು. ಜಮೀನಿಗೆ ಸರಿಯಾದ ಬೇಲಿ ಇದೆ ಅಂತ ಪ್ರಾಂತ್ಯ ಸರ್ಕಾರದ ಪ್ರಮಾಣಪತ್ರ ಇದ್ದರೆ, ಪ್ರಾಣಿ ತಪ್ಪಿಸಿಕೊಂಡು ಹೋದರೂ ಅದು ನಿಮ್ಮದೇ. ನಿಮ್ಮ ರೈತ "ನಂದು" ಅಂದಿದ್ದು ಆ ಕಾಗದದ ಬಲದ ಮೇಲೆ.

ಇದರ ಹಿಂದಿನ ಕಥೆ ಇನ್ನೂ ಚೆನ್ನಾಗಿದೆ. ಇಲ್ಲಿನ ಬಿಳಿ ಘೇಂಡಾ 19ನೇ ಶತಮಾನದ ಕೊನೆಗೆ ನೂರಕ್ಕಿಂತ ಕಡಿಮೆ ಉಳಿದಿತ್ತು, ಅದೂ ನಟಾಲ್‌ನ ಉಂಫೊಲೋಜಿ ಕಾಡಿನಲ್ಲಿ ಮಾತ್ರ. ಅದನ್ನ ಕಾಪಾಡಿ ಬೆಳೆಸಿದ್ದು ಸರ್ಕಾರ, ಇದನ್ನ ಮರೆಯಬಾರದು. 1960ರ ದಶಕದಲ್ಲಿ ಅಲ್ಲಿನ ಅರಣ್ಯಾಧಿಕಾರಿ ಇಯಾನ್ ಪ್ಲೇಯರ್ ಮತ್ತು ಅವರ ತಂಡ ಮದ್ದಿನ ಸೂಜಿ ಹೊಡೆದು, ಲಾರಿಗೆ ಹತ್ತಿಸಿ, ಬೇರೆ ಕಾಡುಗಳಿಗೂ ಖಾಸಗಿ ಜಮೀನುಗಳಿಗೂ ಸಾಗಿಸಿದರು. ಆದರೆ ಖಾಸಗಿಯವರಿಗೆ ಕೊಡ್ತಿದ್ದ ಬೆಲೆ ತೀರಾ ಅಗ್ಗ. 1980ರ ದಶಕದ ಆರಂಭದಲ್ಲಿ ಒಂದು ಘೇಂಡಾಕ್ಕೆ ಇಲ್ಲಿನ ದುಡ್ಡಲ್ಲಿ ಸುಮಾರು 1,000 ರ‍್ಯಾಂಡ್, ಅದನ್ನೇ ಬೇಟೆಗಾರನಿಗೆ ಕೊಟ್ಟರೆ 6,000 ಸಿಗ್ತಿತ್ತು. ಏನಾಗುತ್ತೆ ಹೇಳಿ? ತಂದರು, ಹೊಡೆಸಿದರು, ಮತ್ತೆ ತಂದರು. ಸಾಕೋ ಗೋಜಿಗೇ ಹೋಗಲಿಲ್ಲ. ಆಮೇಲೆ ಹರಾಜು ಶುರುವಾಯ್ತು. 1989ರ ಹೊತ್ತಿಗೆ ಹರಾಜಿನ ಸರಾಸರಿ ಬೆಲೆ 49,000 ರ‍್ಯಾಂಡ್ ಹತ್ತಿರ. ಅಲ್ಲಿಂದ ಮರಿ ಹಾಕಿಸಿ ಮಾರೋದೇ ಲಾಭ ಅನ್ನಿಸತೊಡಗಿತು. ಇವತ್ತು ಈ ದೇಶದ ಬಿಳಿ ಘೇಂಡಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರೋದು ಖಾಸಗಿಯವರ ಹತ್ತಿರ.

ದೇಶದಲ್ಲಿ ಇಂಥ ಜಮೀನು 9,000 ಹತ್ತಿರ ಇವೆ, ಒಟ್ಟು ಸುಮಾರು 1.7 ಕೋಟಿ ಹೆಕ್ಟೇರ್. ಇಡೀ ಕರ್ನಾಟಕ 1.92 ಕೋಟಿ ಹೆಕ್ಟೇರ್, ಊಹಿಸಿಕೊಳ್ಳಿ. ದುಡ್ಡು ನಾಲ್ಕು ಕಡೆಯಿಂದ ಬರುತ್ತೆ: ಬೇಟೆ, ಜೀವಂತ ಪ್ರಾಣಿ ಮಾರಾಟ, ಮಾಂಸ, ಪ್ರವಾಸಿಗರು. ಬೇಟೆ ಅಂದ ತಕ್ಷಣ ಅಮೆರಿಕದ ಸಾಹುಕಾರ ಕಣ್ಣಿಗೆ ಬರ್ತಾನೆ. ಆದರೆ ಚಳಿಗಾಲದಲ್ಲಿ ಬಿಲ್ಟಾಂಗ್‌ಗೆ ಅಂತ ಹೋಗೋ ಇಲ್ಲಿನ ಮಧ್ಯಮ ವರ್ಗದವರೇ ಬಹಳ. ಬಿಲ್ಟಾಂಗ್ ಅಂದರೆ ಉಪ್ಪು, ಕೊತ್ತಂಬರಿ ಬೀಜ ಹಚ್ಚಿ ಒಣಗಿಸಿದ ಮಾಂಸ. ನಮ್ಮ ಆಫೀಸಲ್ಲಿ ಜುಲೈ ತಿಂಗಳಲ್ಲಿ ಅರ್ಧ ಜನ ರಜೆ.

ಸುಮ್ನೆ ಓದುವವ

ಅಂದ್ರೆ ದುಡ್ಡು ಕೊಟ್ಟು ಕೊಂದರೆ ಪ್ರಾಣಿ ಉಳಿಯುತ್ತೆ. ನನಗೆ ಸರಿಯಾಗಿ ಅರ್ಥ ಆಯ್ತಾ ಗುರು?

ಹೈವೆಲ್ಡ್ ಕನ್ನಡಿಗ

ಕುರಿ ಸಂತತಿ ಯಾಕೆ ಅಳಿದಿಲ್ಲ ಹೇಳು, ಆಮೇಲೆ ಮಾತಾಡೋಣ.

ಸುಮ್ನೆ ಓದುವವ

ಕುರಿ ಕಾಡುಪ್ರಾಣಿ ಅಲ್ವಲ್ಲ ಗುರು. ನನ್ನ ತಕರಾರು ಇರೋದೇ ಅಲ್ಲಿ.

ಚಿಪ್ಪುಹಂದಿ (ಮಂಗಳೂರು; ವನ್ಯಜೀವಿ ಅಧ್ಯಯನ)

"ಸುಮ್ನೆ ಓದುವವ" ಸುಮ್ಮನೆ ಓದಲಿಲ್ಲ ಮಾರಾಯ್ರೆ, ಸರಿಯಾದ ಜಾಗಕ್ಕೇ ಕೈ ಹಾಕಿದರು.

ಹೈವೆಲ್ಡ್ ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಇನ್ನೊಂದು ಉದಾಹರಣೆ ನಾನೇ ಸೇರಿಸ್ತೇನೆ. ಬೊಂಟೆಬೊಕ್ ಅಂತ ಒಂದು ಹುಲ್ಲೆ ಉಂಟು, ಮುಖದ ಮೇಲೆ ಬಿಳಿ ಪಟ್ಟೆ. 19ನೇ ಶತಮಾನದಲ್ಲಿ ಅದು ಇನ್ನೇನು ಮುಗಿಯಿತು ಅನ್ನುವಾಗ ಕೇಪ್ ಪ್ರಾಂತ್ಯದ ಕೆಲವು ರೈತರು ತಮ್ಮ ಜಮೀನಿನಲ್ಲಿ ಬೇಲಿ ಕಟ್ಟಿ ಉಳಿಸಿಕೊಂಡರು. 1931ರಲ್ಲಿ ಅದಕ್ಕೊಂದು ರಾಷ್ಟ್ರೀಯ ಉದ್ಯಾನ ಮಾಡಿದಾಗ ಬಿಡಲಿಕ್ಕೆ ಸಿಕ್ಕಿದ್ದು ಬರೀ 17. ಆಗ ದುಡ್ಡು ಕೊಟ್ಟು ಕೊಂಬಿಗಾಗಿ ಆಡುವ ಟ್ರೋಫಿ ಬೇಟೆಯೂ ಇಲ್ಲ, ಹರಾಜೂ ಇಲ್ಲ. ಹಾಗಾದರೆ ಯಾಕೆ ಉಳಿಸಿದರು? ದುಡ್ಡೊಂದೇ ಕಾರಣ ಅಂತ ಹೇಳುವವರು ಇದಕ್ಕೆ ಉತ್ತರ ಕೊಡಬೇಕು.

ಈಗ ನನ್ನ ತಕರಾರು. ಆ 1.7 ಕೋಟಿ ಹೆಕ್ಟೇರನ್ನು ಒಂದೇ ಕಾಡು ಅಂತ ಎಣಿಸಬೇಡಿ. ಅದು ಸಾವಿರಾರು ತುಂಡು, ಒಂದೊಂದಕ್ಕೂ ಬೇಲಿ. ಬೆಲೆ ಇರುವ ಪ್ರಾಣಿಯನ್ನು ಮಾಲೀಕ ಸಾಕುತ್ತಾನೆ. ಆ ಬೆಲೆಯ ಪ್ರಾಣಿಯನ್ನು ತಿನ್ನುವ ಪ್ರಾಣಿಯನ್ನು? ಚೀತಾ, ಕಾಡುನಾಯಿ, ಚಿರತೆ ಇವೆಲ್ಲ ಅವನ ಕಣ್ಣಿಗೆ ಕಳ್ಳರು. ದನ ಸಾಕುವವ ಚೀತಾ ಕರುವಿಗೆ ಬಾಯಿ ಹಾಕಿದರೆ ಬಯ್ತಾನೆ. ಹುಲ್ಲೆ ಸಾಕುವವನಿಗೆ ಚೀತಾ ದಿನಾ ತಿನ್ನುವುದೇ ಅವನ ಆಸ್ತಿ. ನನ್ನ ಹೆಸರಿನ ಪ್ರಾಣಿಯ ಕಥೆಯೂ ಕೇಳಿ: ಕರೆಂಟ್ ಬೇಲಿಯ ಕೆಳಗಿನ ತಂತಿ ತಾಗಿದ ಕೂಡಲೇ ಚಿಪ್ಪುಹಂದಿ ತನ್ನ ಅಭ್ಯಾಸದಂತೆ ಮುದ್ದೆಯಾಗಿ ಸುತ್ತಿಕೊಳ್ತದೆ, ತಂತಿಯನ್ನೂ ಒಳಗೆ ಸೇರಿಸಿಕೊಂಡು. ಬಿಡಿಸಿಕೊಳ್ಳಲಿಕ್ಕೆ ಆಗದೆ ಅಲ್ಲೇ ಸಾಯ್ತದೆ. ಆಮೆಗಳದ್ದೂ ಅದೇ ಪಾಡು.

ಮತ್ತೆ ಬಣ್ಣದ ಹುಚ್ಚು! ಕಪ್ಪು ಇಂಪಾಲ, ಬಂಗಾರದ ಬಣ್ಣದ ವೈಲ್ಡ್‌ಬೀಸ್ಟ್. ಪ್ರಕೃತಿಯಲ್ಲಿ ಅಪರೂಪಕ್ಕೊಂದು ಹುಟ್ಟುವುದನ್ನು ಆರಿಸಿ, ರಕ್ತಸಂಬಂಧದೊಳಗೇ ಕೂಡಿಸಿ ಹುಟ್ಟಿಸಿದರು. ಕೊಂಬಿನ ಉದ್ದಕ್ಕೆ ಕಾಡೆಮ್ಮೆ ಸಾಕಿದರು. 2016ರಲ್ಲಿ ಹೊರೈಜನ್ ಅಂತ ಹೆಸರಿನ ಒಂದು ಕಾಡೆಮ್ಮೆ ಕೋಣದ ಕಾಲು ಪಾಲು 4.4 ಕೋಟಿ ರ‍್ಯಾಂಡ್‌ಗೆ ಹೋಯಿತು. ಅಂದರೆ ಇಡೀ ಕೋಣಕ್ಕೆ 17.6 ಕೋಟಿ. ಕಂಬಳದ ಕೋಣಕ್ಕೂ ಆ ಬೆಲೆ ಇಲ್ಲ! ಇದು ಸಂರಕ್ಷಣೆಯಾ? ಇದು ತಳಿ ವ್ಯಾಪಾರ.

ಹೈವೆಲ್ಡ್ ಕನ್ನಡಿಗ

ಮೇಡಂ, ಬಣ್ಣದ ವ್ಯಾಪಾರದ ಮಾತು ನೂರಕ್ಕೆ ನೂರು ಒಪ್ಪಿದೆ. ಈಗಿನ ಅಧ್ಯಕ್ಷ ಸಿರಿಲ್ ರಾಮಫೋಸಾ ಅವರೇ 2012ರಲ್ಲಿ ಒಂದು ಕಾಡೆಮ್ಮೆ ಮತ್ತು ಕರುವಿಗೆ 2 ಕೋಟಿ ರ‍್ಯಾಂಡ್ ಹತ್ತಿರದವರೆಗೆ ಹರಾಜು ಕೂಗಿದ್ದರು. ಬಡವರ ದೇಶದಲ್ಲಿ ಇದೇನು ಅಂತ ಜನ ಉಗಿದ ಮೇಲೆ ಕ್ಷಮೆ ಕೇಳಿದರು. ಆಮೇಲೆ ಆ ಮಾರುಕಟ್ಟೆ ಕುಸಿದು ಬಿತ್ತು. ಬಣ್ಣದ ಪ್ರಾಣಿ ಕೊಂಡವರ ಎದುರಿಗೆ ಕಡೆಗೆ ಉಳಿದಿದ್ದು ಮಾಂಸದ ಬೆಲೆ. ಕೋಟಿ ಕೊಟ್ಟರೂ ಬಿಲ್ಟಾಂಗ್ ರುಚಿ ಒಂದೇ ಅಲ್ವಾ.

ಆದರೆ ಬೇಲಿ ಬೀಳೋದೂ ಉಂಟು. ಕ್ರೂಗರ್ ಇಲ್ಲಿನ ಸರ್ಕಾರಿ ರಾಷ್ಟ್ರೀಯ ಉದ್ಯಾನ, ಅದರ ಪಕ್ಕದ ಸಾಬಿ ಸ್ಯಾಂಡ್ ಖಾಸಗಿ ಅರಣ್ಯ. 1993ರಲ್ಲಿ ಎರಡರ ನಡುವಿನ ಬೇಲಿ ತೆಗೆದರು. ಈಗ ಸಿಂಹ, ಆನೆ ಎಲ್ಲ ಎರಡೂ ಕಡೆ ಓಡಾಡ್ತವೆ. ಅಲ್ಲಿನ ಮಾಲೀಕರಿಗೆ ಬೇಟೆಯಿಂದಲ್ಲ, ಪ್ರವಾಸಿಗರಿಂದ ದುಡ್ಡು. ಚಿರತೆ ನೋಡೋಕೇ ಜನ ಸಾಲು ನಿಲ್ತಾರೆ. ಹಾಗಾಗಿ ಅಲ್ಲಿ ಚಿರತೆ ಕಳ್ಳ ಅಲ್ಲ, ಮನೆ ನಡೆಸೋ ಮಗ.

ಲೆಕ್ಕ ಪಕ್ಕಾ (ಬೆಂಗಳೂರು, ಆಡಿಟರ್)

ನನಗೆ ಕಾಡು ಗೊತ್ತಿಲ್ಲ, ಬ್ಯಾಲೆನ್ಸ್ ಶೀಟ್ ಗೊತ್ತು. ಈ ವಾದದ ಕರುಳು ಇರೋದು ಜಾನ್ ಹ್ಯೂಮ್ ಪ್ರಕರಣದಲ್ಲಿ. ಅದನ್ನ ಇಲ್ಲಿ ಯಾರೂ ತೆಗೆಯದಿದ್ದದ್ದು ಆಶ್ಚರ್ಯ.

ರೆಸಾರ್ಟ್ ವ್ಯವಹಾರದಲ್ಲಿ ದುಡ್ಡು ಮಾಡಿದ ಮನುಷ್ಯ. ನಾರ್ತ್ ವೆಸ್ಟ್ ಪ್ರಾಂತ್ಯದಲ್ಲಿ ಸುಮಾರು 8,000 ಹೆಕ್ಟೇರ್ ಜಮೀನಲ್ಲಿ ಬಿಳಿ ಘೇಂಡಾ ಸಾಕಿ 2,000ಕ್ಕೆ ತಂದ. ಜಗತ್ತಲ್ಲಿ ಅಷ್ಟು ಘೇಂಡಾ ಇದ್ದ ಖಾಸಗಿ ವ್ಯಕ್ತಿ ಬೇರೆ ಇಲ್ಲ. ಅವನ ಲೆಕ್ಕಾಚಾರ ಸರಳ. ಘೇಂಡಾದ ಕೊಂಬು ನಮ್ಮ ಉಗುರಿನಂಥ ವಸ್ತು, ಕತ್ತರಿಸಿದರೆ ಮತ್ತೆ ಬೆಳೆಯುತ್ತೆ. ಮದ್ದು ಕೊಟ್ಟು ಮಲಗಿಸಿ, ಒಂದೂವರೆ ಎರಡು ವರ್ಷಕ್ಕೊಮ್ಮೆ ಕತ್ತರಿಸಿ ಮಾರಿದರೆ ಕುರಿಯ ಉಣ್ಣೆ ಇದ್ದ ಹಾಗೆ. ಪ್ರಾಣಿಯೂ ಸಾಯಲ್ಲ, ಕಳ್ಳಬೇಟೆಗಾರನಿಗೆ ಬೇಕಾದ ಕೊಂಬೂ ಅದರ ಮೇಲಿಲ್ಲ.

ಆದರೆ ಕೊಂಬಿನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಅನ್ನೋ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದಡಿ 1977ರಿಂದ ನಿಷೇಧ. ದೇಶದೊಳಗಿನ ಮಾರಾಟವನ್ನೂ 2009ರಲ್ಲಿ ನಿಲ್ಲಿಸಿದರು. ಹ್ಯೂಮ್ ಮತ್ತು ಇತರರು ಕೋರ್ಟಿಗೆ ಹೋಗಿ ಗೆದ್ದರು, 2017ರಲ್ಲಿ ದೇಶದೊಳಗೆ ಮಾರಬಹುದು ಅಂತಾಯ್ತು. ಗೆದ್ದು ಏನು ಬಂತು? ಕೊಳ್ಳೋರು ಇರೋದು ವಿಯೆಟ್ನಾಂ, ಚೀನಾದಲ್ಲಿ. ಇತ್ತ ಕಾವಲಿನ ಖರ್ಚು ಮಾತ್ರ ತಿಂಗಳು ತಿಂಗಳು ಏರ್ತಾ ಹೋಯ್ತು. ಬಂದೂಕು, ರೇಡಾರ್, ಕ್ಯಾಮೆರಾ, ಹಗಲು ರಾತ್ರಿ ಪಹರೆ. 2014ರಲ್ಲಿ ದಕ್ಷಿಣ ಆಫ್ರಿಕಾ ಒಂದರಲ್ಲೇ 1,215 ಘೇಂಡಾಗಳನ್ನು ಕಳ್ಳಬೇಟೆಗಾರರು ಕೊಂದಿದ್ದರು, ಪಹರೆ ಇಲ್ಲದೆ ವಿಧಿಯಿಲ್ಲ.

2023ರ ಏಪ್ರಿಲ್‌ನಲ್ಲಿ ಇಡೀ ಆಸ್ತಿಯನ್ನ ಹರಾಜಿಗಿಟ್ಟ. ಆರಂಭದ ಬೆಲೆ 1 ಕೋಟಿ ಡಾಲರ್. ಒಬ್ಬನೂ ಕೂಗಲಿಲ್ಲ. ಕೊನೆಗೆ ಸೆಪ್ಟೆಂಬರ್‌ನಲ್ಲಿ ಆಫ್ರಿಕನ್ ಪಾರ್ಕ್ಸ್ ಅನ್ನೋ ಲಾಭರಹಿತ ಸಂಸ್ಥೆ ಕೊಂಡಿತು, ದಾನಿಗಳ ದುಡ್ಡಲ್ಲಿ. ಹತ್ತು ವರ್ಷದಲ್ಲಿ ಎಲ್ಲ ಘೇಂಡಾಗಳನ್ನೂ ಬೇರೆ ಬೇರೆ ಕಾಡುಗಳಿಗೆ ಬಿಡ್ತೀವಿ ಅಂತ ಹೇಳಿದೆ.

ಹೈವೆಲ್ಡ್ ಅವರ 1989ರ ಕಥೆ ಮತ್ತು 2023ರ ಈ ಕಥೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಡೆತನ ದುಡ್ಡು ಹುಟ್ಟಿಸಲ್ಲ. ಆದಾಯ ಇದ್ದಾಗ ಅದು ಯಾರ ಜೇಬಿಗೆ ಅನ್ನೋದನ್ನ ಮಾತ್ರ ಹೇಳುತ್ತೆ. ಆದಾಯ ನಿಂತ ದಿನ ನಷ್ಟ ಯಾರ ತಲೆಗೆ ಅನ್ನೋದನ್ನೂ ಅದೇ ಹೇಳುತ್ತೆ.

ಹೈವೆಲ್ಡ್ ಕನ್ನಡಿಗ

ಹ್ಯೂಮ್ ಕಥೆ ಒಪ್ಪಿದೆ. ನನ್ನ ಪರಿಚಯದ ಒಬ್ಬ ಡೈರಿ ಮಾಲೀಕ ಕೂಡ ಇದ್ದ ಐದಾರು ಘೇಂಡಾಗಳನ್ನ ಮಾರಿಬಿಟ್ಟ. "ರಾತ್ರಿ ಗುಂಡಿನ ಸದ್ದು ಕೇಳಿದ್ರೆ ನಾನು ಹೋಗೋದಾ, ಮಕ್ಕಳ ಹತ್ರ ಇರೋದಾ?" ಅಂದ.

ಆದರೆ ಸರ್ಕಾರಿ ಕಾಡಿನ ಲೆಕ್ಕವನ್ನೂ ನೋಡಿ ಲೆಕ್ಕದವರೇ. ಕ್ರೂಗರ್‌ನಲ್ಲಿ 2011ರ ಸುಮಾರಿಗೆ ಬಿಳಿ ಘೇಂಡಾ ಹತ್ತು ಸಾವಿರಕ್ಕೂ ಹೆಚ್ಚು. ಹತ್ತು ವರ್ಷದಲ್ಲಿ ಎರಡು ಸಾವಿರ ಚಿಲ್ಲರೆಗೆ ಇಳೀತು. ಆ ಅವಧಿಯಲ್ಲಿ ಖಾಸಗಿಯವರ ಹತ್ತಿರ ಇಲ್ಲದೇ ಹೋಗಿದ್ದರೆ?

ಧಾರವಾಡದ ಮಾಸ್ತರ

ನಮಸ್ಕಾರ್ರೀ ಎಲ್ಲಾರಿಗೂ. ಅಗದಿ ಚಲೋ ಚರ್ಚಾ ನಡದೈತಿ. ಆದ್ರ ಒಂದ್ ಮಾತು ಯಾರೂ ಎತ್ತವಲ್ರಿ. ಬೇಲಿ ಅಂತೀರಿ, ಘೇಂಡಾ ಅಂತೀರಿ, ಮಾಲಕ ಅಂತೀರಿ. ಆ ಮಾಲಕಗ ಆ ಭೂಮಿ ಎಲ್ಲಿಂದ ಬಂತ್ರೀ?

1913ರಾಗ ಅಲ್ಲೆ ಒಂದು ಭೂ ಕಾಯ್ದೆ ಬಂತು. ಕರಿಯ ಜನಕ್ಕ ದೇಶದ ಭೂಮಿಯೊಳಗ ಸುಮಾರು ನೂರಕ್ಕ ಏಳು ಪಾಲು ಅಷ್ಟ. ಉಳಿದ ಕಡೆ ಅವರು ಭೂಮಿ ಕೊಳ್ಳೋಹಂಗಿಲ್ಲ. 1936ರಾಗ ಅದನ್ನ ಹದಿಮೂರರ ಆಸುಪಾಸು ಮಾಡಿದ್ರು. ವರ್ಣಭೇದ ಹೋಗಿ ಇಷ್ಟು ವರ್ಷ ಆದ ಮ್ಯಾಲೂ, 2017ರ ಸರಕಾರಿ ಲೆಕ್ಕದಾಗ, ವ್ಯಕ್ತಿಗಳ ಹೆಸರಿನಾಗ ಇರೋ ಕೃಷಿ ಭೂಮಿಯೊಳಗ ನೂರಕ್ಕ 72 ಬಿಳಿಯರದ್ದು. ಹಂಗಾದ್ರ "ಭೂಮಾಲಕಗ ಪ್ರಾಣಿ ಕೊಟ್ರ ಪ್ರಾಣಿ ಉಳೀತಾವ" ಅಂದ್ರ ಏನರ್ಥ? ಭೂಮಿ ಇದ್ದವಗ ಪ್ರಾಣಿನೂ ಸಿಕ್ತು. ಭೂಮಿ ಕಳಕೊಂಡವಗ ಹಿಂದ ಇದ್ದ ಬ್ಯಾಟಿ ಹಕ್ಕೂ ಹೋತು, ಈಗ ಅವ ಮೊಲ ಹಿಡದ್ರೂ ಕಳ್ಳ.

ಇನ್ನೊಂದು. ದನದ ಜಮೀನು, ಬೆಳಿ ಜಮೀನು ಇದ್ದಾಗ ಅಲ್ಲೆ ತಲೆಮಾರಿನಿಂದ ದುಡಿಯೋ ಕುಟುಂಬ ಇರ್ತಿದ್ವು. ಸಿಂಹ, ಕಾಡೆಮ್ಮಿ ತಂದು ಬಿಟ್ರ ಮನಷ್ಯಾರು ಅಲ್ಲೆ ಇರಾಕ ಆಗತೈತೇನ್ರೀ? ಭಾಳ ಮಂದಿ ಹೊರಗ ಬಿದ್ರು. ಅವರ ಹಿರಿಯರ ಗೋರಿ ಬೇಲಿ ಒಳಗ ಉಳದ್ವು. ಗೋರಿಗೆ ಹೋಗಿ ಬರೋ ಹಕ್ಕು ಐತಿ ಅಂತ 1997ರ ಕಾಯ್ದೆಯೊಳಗ ಬರೀಬೇಕಾತು. ಬರೀಬೇಕಾತು ಅಂದ್ರ ಬಿಡ್ತಿದ್ದಿಲ್ಲ ಅಂತನ ಅಲ್ಲೇನ್ರೀ?

ಚಿಪ್ಪುಹಂದಿ

ಮಾಸ್ತರೇ, ಈ ಗೋರಿಯ ವಿಷಯ ನನಗೆ ಗೊತ್ತಿರಲಿಲ್ಲ. ಓದಿ ಸ್ವಲ್ಪ ಹೊತ್ತು ಏನೂ ಬರೆಯಲಿಕ್ಕೆ ಆಗಲಿಲ್ಲ.

ಹೈವೆಲ್ಡ್ ಕನ್ನಡಿಗ

ಮಾಸ್ತರೇ, ನೀವು ಹೇಳಿದ್ದಕ್ಕೆ ನನ್ನ ಹತ್ತಿರ ಎದುರು ವಾದ ಇಲ್ಲ. ಜಿಂಬಾಬ್ವೆಯಲ್ಲಿ ನಡೆದಿದ್ದನ್ನ ಮಾತ್ರ ನೆನಪಿಸ್ತೀನಿ, ನಿಮ್ಮ ಮಾತಿಗೆ ಅದು ಎರಡೂ ಕಡೆ ಕೊಯ್ಯುತ್ತೆ. 1991–92ರ ಬರಗಾಲದಲ್ಲಿ ಸಾವೆ ಕಣಿವೆಯ ಬಿಳಿಯ ರೈತರ ದನಗಳು ಸತ್ತು ಬಿದ್ದವು. ಅವರೆಲ್ಲ ದನ ಬಿಟ್ಟು, ತಮ್ಮ ತಮ್ಮ ನಡುವಿನ ಬೇಲಿ ಕಿತ್ತು, ಸುತ್ತ ಮಾತ್ರ ಒಂದು ಜೋಡಿ ಬೇಲಿ ಉಳಿಸಿ ಸುಮಾರು 3,400 ಚದರ ಕಿಲೋಮೀಟರ್ ಒಂದು ಮಾಡಿದರು. ಕಪ್ಪು ಘೇಂಡಾ, ಕಾಡುನಾಯಿ, ಆನೆ ಎಲ್ಲ ಬೆಳೆದವು. 2000ರಲ್ಲಿ ಭೂ ಮರುಹಂಚಿಕೆ ಶುರುವಾದಾಗ ದಕ್ಷಿಣದ ಭಾಗಕ್ಕೆ ಜನ ಬಂದು ನೆಲೆಸಿದರು. ಬೇಲಿಯ ತಂತಿ ಉರುಳಾಯ್ತು, ಪ್ರಾಣಿಗಳು ಹೋದವು. ಒಂದು ತಲೆಮಾರಿನ ಅನ್ಯಾಯದ ಮೇಲೆ ಕಟ್ಟಿದ ಕಾಡು ಅದು, ಉಳಿಯೋದು ಕಷ್ಟವೇ.

ವಿಂಡ್‌ಹುಕ್ ವಾಪಸ್ (ಈಗ ಮೈಸೂರು)

ವಿಂಡ್‌ಹುಕ್‌ನಲ್ಲಿ (ನಮೀಬಿಯಾದ ರಾಜಧಾನಿ) ವಜ್ರ ಪಾಲಿಷ್ ಮಾಡುವ ಘಟಕವೊಂದರಲ್ಲಿ ಆರು ವರ್ಷ ಕೆಲಸ ಮಾಡಿದ್ದೆ. ಮಾಸ್ತರ ಪ್ರಶ್ನೆಗೆ ಪೂರ್ತಿ ಅಲ್ಲದಿದ್ದರೂ ಸ್ವಲ್ಪ ಉತ್ತರ ನಮೀಬಿಯಾದಲ್ಲಿದೆ.

ಅಲ್ಲಿ 1975ರ ಸುಗ್ರೀವಾಜ್ಞೆ ಪ್ರಕಾರ ಜಮೀನಿನ ಮಾಲೀಕರಿಗೆ ಓರಿಕ್ಸ್, ಕುಡು, ಸ್ಪ್ರಿಂಗ್‌ಬೊಕ್ ಥರದ ಪ್ರಾಣಿಗಳ ಮೇಲೆ ಹಕ್ಕು ಸಿಕ್ಕಿತು. ಮಾಲೀಕರು ಅಂದರೆ ಆಗ ಬಿಳಿಯರೇ. 1990ರಲ್ಲಿ ಸ್ವಾತಂತ್ರ್ಯ ಬಂತು. 1996ರಲ್ಲಿ ಆ ಕಾನೂನಿಗೇ ತಿದ್ದುಪಡಿ ತಂದು, ಪಹಣಿ ಇಲ್ಲದ ಸಮುದಾಯ ಭೂಮಿಯಲ್ಲಿರುವವರಿಗೂ ಅಂಥದ್ದೇ ಹಕ್ಕು ಕೊಟ್ಟರು. ಗಡಿ ಗುರುತಿಸಿ, ಸದಸ್ಯರ ಪಟ್ಟಿ ಮಾಡಿ, ಸಮಿತಿ, ಸಂವಿಧಾನ ಎಲ್ಲ ಬರೆದುಕೊಂಡು "ಕನ್ಸರ್ವೆನ್ಸಿ" ಅಂತ ನೋಂದಾಯಿಸಬೇಕು. 1998ರಲ್ಲಿ ಮೊದಲ ನಾಲ್ಕು. ಈಗ 86 ಇವೆ, ದೇಶದ ನೆಲದ ಐದನೇ ಒಂದು ಪಾಲು. ಗಮನಿಸಿ, ಭೂಮಿ ಸರ್ಕಾರದ ಹೆಸರಲ್ಲೇ ಇದೆ. ಕೊಟ್ಟಿದ್ದು ಪಹಣಿಯಲ್ಲ, ಪ್ರಾಣಿಯಿಂದ ಬರೋ ದುಡ್ಡಿನ ಹಕ್ಕು.

ಮೊದಲ ನಾಲ್ಕರಲ್ಲಿ ಒಂದು ನ್ಯೇ ನ್ಯೇ, ಅಲ್ಲಿನ ಮೂಲನಿವಾಸಿಗಳಾದ ಸಾನ್ ಜನರದ್ದು. ಬೇಟೆಯ ಶುಲ್ಕದಿಂದ ಸದಸ್ಯರಿಗೆ ಕೈಗೇ ಹಣ ಹಂಚುತ್ತಾರೆ. ಆನೆ ಬಿದ್ದರೆ ಮಾಂಸ ಹಳ್ಳಿಗೆ ಹೋಗುತ್ತೆ. ನಾನು ಸಸ್ಯಾಹಾರಿ, ಆ ಫೋಟೋ ನೋಡಿದ ದಿನ ಊಟ ಸೇರಲಿಲ್ಲ. ಆದರೆ ಅವರ ಜಾಗದಲ್ಲಿ ನಿಂತು ನೋಡಿದರೆ ನನ್ನ ಹೊಟ್ಟೆ ತೊಳಸೋದು ಒಂದು ವಾದ ಅಲ್ಲ.

ತೊಂದರೆ ಇಲ್ಲವಾ ಅಂದರೆ ಇದೆ. ಕೆಲವು ಸಮಿತಿಗಳಲ್ಲಿ ದುಡ್ಡು ಮೇಲಿನವರ ಹತ್ತಿರವೇ ನಿಲ್ಲುತ್ತೆ ಅನ್ನೋ ದೂರು ಕೇಳಿದ್ದೀನಿ, ನಮ್ಮ ಸಹಕಾರ ಸಂಘಗಳ ಕಥೆಯೇ. ಕೋವಿಡ್‌ನಲ್ಲಿ ವಿಮಾನ ನಿಂತಾಗ ಆದಾಯವೂ ನಿಂತಿತು.

ಚಿಪ್ಪುಹಂದಿ ಮೇಡಂ ಚೀತಾ ಬಗ್ಗೆ ಹೇಳಿದ್ರಲ್ಲ. ನಮೀಬಿಯಾದ ಚೀತಾಗಳಲ್ಲಿ ಬಹುಪಾಲು ಇರೋದು ಅಭಯಾರಣ್ಯದಲ್ಲಲ್ಲ, ಜಾನುವಾರು ಜಮೀನುಗಳಲ್ಲಿ. 1980ರ ದಶಕದಲ್ಲಿ ರೈತರು ಸಾವಿರಗಟ್ಟಲೆ ಹೊಡೆದು ಹಾಕಿದ್ದರು. 1990ರಲ್ಲಿ ಶುರುವಾದ ಚೀತಾ ಕನ್ಸರ್ವೇಷನ್ ಫಂಡ್‌ನವರು ರೈತರಿಗೆ ಟರ್ಕಿ ಮೂಲದ ದೊಡ್ಡ ಕಾವಲು ನಾಯಿಗಳನ್ನ ಕೊಡತೊಡಗಿದರು. ನಾಯಿ ಮಂದೆ ಜೊತೆಗೇ ಬೆಳೆಯುತ್ತೆ, ಬೊಗಳುತ್ತೆ, ಚೀತಾ ದೂರ ಹೋಗುತ್ತೆ. ಯಾವ ಹರಾಜೂ ಇಲ್ಲದೆ ಕೆಲಸ ಮಾಡಿದ ಉಪಾಯ. 2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕುನೋ ಉದ್ಯಾನಕ್ಕೆ ಬಂದ ಎಂಟು ಚೀತಾಗಳೂ ಇದೇ ನಮೀಬಿಯಾದಿಂದ ಬಂದವು.

ಚಿಪ್ಪುಹಂದಿ

ಮತ್ತೆ 2023ರ ಫೆಬ್ರವರಿಯಲ್ಲಿ ಬಂದ 12 ದಕ್ಷಿಣ ಆಫ್ರಿಕಾದವು, ಅವುಗಳಲ್ಲಿ ಕೆಲವು ಖಾಸಗಿ ಅರಣ್ಯಗಳಿಂದಲೇ. ಬೇಲಿಯೊಳಗೆ ಚೀತಾ ಹೆಚ್ಚಾದರೆ ಹೊರಗೆ ಹೋಗಲಿಕ್ಕೆ ದಾರಿ ಇಲ್ಲ. ಒಂದು ಬೇಲಿಯಿಂದ ಇನ್ನೊಂದಕ್ಕೆ ಮನುಷ್ಯರೇ ಲಾರಿಯಲ್ಲಿ ಸಾಗಿಸಬೇಕು, ರಕ್ತಸಂಬಂಧ ತಪ್ಪಿಸಲಿಕ್ಕೆ. ಜಾತಕ ನೋಡಿ ಗಂಡು ಹುಡುಕಿದ ಹಾಗೆ! ನಮಗೆ ಚೀತಾ ಕೊಡುವಷ್ಟು ಅವರಲ್ಲಿ ಇದ್ದದ್ದಕ್ಕೆ ಇದೂ ಒಂದು ಕಾರಣ.

ನೈರೋಬಿ ಅಕ್ಕ

ತಡವಾಗಿ ಬಂದೆ, ಕ್ಷಮಿಸಿ. ನಮ್ಮ ಕೀನ್ಯಾವನ್ನ ಬಿಟ್ಟರೆ ಈ ಮಾತು ಅರ್ಧವೇ.

ಇಲ್ಲಿ 1977ರಿಂದ ಬೇಟೆ ನಿಷೇಧ. ಪ್ರಾಣಿ ಪೂರ್ತಿ ಸರ್ಕಾರದ್ದು, ನಿಮ್ಮ ಊರಿನ ಥರವೇ ತೋಟದಮನೆಯವರೇ. 1977ರಿಂದ 2016ರ ನಡುವೆ ಇಲ್ಲಿನ ಹುಲ್ಲುಗಾವಲಿನ ಕಾಡುಪ್ರಾಣಿಗಳು ನೂರಕ್ಕೆ 68ರಷ್ಟು ಕಡಿಮೆ ಆದವು ಅಂತ ವೈಮಾನಿಕ ಎಣಿಕೆ ಹೇಳುತ್ತೆ.

ಹೈವೆಲ್ಡ್ ಕನ್ನಡಿಗ

ಅಕ್ಕ, ನಾನು ಬರೆಯಬೇಕು ಅಂತಿದ್ದದ್ದೇ ಇದು! ಬೇಟೆ ನಿಲ್ಲಿಸಿದ ದೇಶದಲ್ಲಿ ಪ್ರಾಣಿ ಹೋಯ್ತು, ಬಿಟ್ಟ ದೇಶದಲ್ಲಿ ಹೆಚ್ಚಿತು. ಇದಕ್ಕಿಂತ ಸಾಕ್ಷಿ ಬೇಕಾ?

ನೈರೋಬಿ ಅಕ್ಕ

ತಡಿಯಪ್ಪ, ಪೂರ್ತಿ ಕೇಳು. ಅದೇ ಎಣಿಕೆಯಲ್ಲಿ ಅದೇ ಅವಧಿಗೆ ಕುರಿ–ಮೇಕೆ ಮುಕ್ಕಾಲು ಪಾಲಿನಷ್ಟು ಹೆಚ್ಚಿವೆ. ಜನ ಹೆಚ್ಚಿದರು, ಬೇಲಿ ಹೆಚ್ಚಿತು, ಮಳೆ ಕೈಕೊಟ್ಟಿತು. ಎಲ್ಲವನ್ನೂ ಬೇಟೆ ನಿಷೇಧದ ತಲೆಗೆ ಕಟ್ಟೋಕಾಗಲ್ಲ. ನಿನ್ನ ದೇಶದಲ್ಲಿ ವಿಶಾಲ ಜಮೀನು ಒಬ್ಬೊಬ್ಬನ ಕೈಲಿತ್ತು. ಇಲ್ಲಿ ಅದೇ ಹುಲ್ಲುಗಾವಲಲ್ಲಿ ದನಗಾಹಿ ಜನಾಂಗದ ಮಾಸಾಯಿಗಳು ಮಂದೆ ಜೊತೆ ಓಡಾಡ್ತಿದ್ದರು. ಎರಡು ಬೇರೆ ಬೇರೆ ನೆಲ.

ನಾನು ಹೇಳಬೇಕು ಅಂದದ್ದು ಮಾರಾ ಬಗ್ಗೆ. ಮಾಸಾಯಿ ಮಾರಾ ಅಭಯಾರಣ್ಯದ ಉತ್ತರಕ್ಕೆ ಇದ್ದದ್ದು ಸಮುದಾಯದ ಸಾಮೂಹಿಕ ಭೂಮಿ. ಅದನ್ನ ಹಂಚಿ ಒಬ್ಬೊಬ್ಬರ ಹೆಸರಿಗೆ ಪಟ್ಟಾ ಮಾಡಿದರು. ಪಟ್ಟಾ ಬಂದ ಮೇಲೆ ಎರಡು ದಾರಿ: ಬೇಲಿ ಹಾಕಿ ಮಾರೋದು, ಇಲ್ಲ ಒಟ್ಟಾಗಿ ಬಾಡಿಗೆಗೆ ಕೊಡೋದು. ಹೀಗೆ ಒಟ್ಟಾಗಿ ಬಾಡಿಗೆಗೆ ಕೊಟ್ಟು ಕನ್ಸರ್ವೆನ್ಸಿ ಆದವು: 2006ರಲ್ಲಿ ಓಲಾರೆ ಓರೋಕ್, 2010ರಲ್ಲಿ ನಬೋಯಿಶೊ. ನಬೋಯಿಶೊದಲ್ಲಿ ಸುಮಾರು 500 ಕುಟುಂಬಗಳು ಸೇರಿ 50,000 ಎಕರೆ ಬಿಟ್ಟುಕೊಟ್ಟಿವೆ. ಪ್ರವಾಸಿ ಕ್ಯಾಂಪ್ ನಡೆಸೋರು ಎಕರೆ ಲೆಕ್ಕದಲ್ಲಿ ಬಾಡಿಗೆಯನ್ನ ನೇರ ಮಾಲೀಕನ ಖಾತೆಗೆ ಹಾಕ್ತಾರೆ. ಸಿಂಹ ಕಾಣಲಿ ಬಿಡಲಿ, ಟೆಂಟ್ ತುಂಬಲಿ ಬಿಡಲಿ, ಬಾಡಿಗೆ ನಿಗದಿ. ಪ್ರಾಣಿ ಸರ್ಕಾರದ್ದೇ, ಒಂದು ಮೊಲದ ಮೇಲೂ ಹಕ್ಕಿಲ್ಲ. ಆದರೂ ಸಿಂಹ ಹೆಚ್ಚಿವೆ.

ಕೊರತೆ ಬೇಕಾದಷ್ಟಿವೆ. ಪಟ್ಟಾ ಬಹುತೇಕ ಗಂಡಸರ ಹೆಸರಲ್ಲಿ, ಬಾಡಿಗೆ ಬಂದ ದಿನ ಹೆಂಗಸರ ಕೈಗೆ ಎಷ್ಟು ಸಿಗುತ್ತೆ ಅಂತ ಕೇಳಿದರೆ ನಗ್ತಾರೆ. ಬಾಡಿಗೆ ಜಾಗದಲ್ಲಿ ಮೇಯಿಸೋಕೆ ಕಟ್ಟುಪಾಡು, ಅದರಿಂದ ಪಕ್ಕದ ಊರಿನ ಹುಲ್ಲಿನ ಮೇಲೆ ಭಾರ. ಉತ್ತರದ ಕಡೆ ಪರಿಸ್ಥಿತಿ ಇನ್ನೂ ಬಿಗಿ. 2025ರ ಜನವರಿಯಲ್ಲಿ ಇಸಿಯೋಲೊ ನ್ಯಾಯಾಲಯ ಅಲ್ಲಿನ ಎರಡು ಕನ್ಸರ್ವೆನ್ಸಿಗಳನ್ನ ಜನರನ್ನ ಸರಿಯಾಗಿ ಕೇಳದೆ ಸ್ಥಾಪಿಸಿದ್ದು ಕಾನೂನುಬಾಹಿರ ಅಂತ ತೀರ್ಪು ಕೊಟ್ಟಿತು.

ಧಾರವಾಡದ ಮಾಸ್ತರ

ಅಕ್ಕಾರ, ಇದು ನೋಡ್ರಿ ಮಾತು. ಭೂಮಿ ಅವರದ, ಬಾಡಗಿ ಅವರಿಗೆ. ಬ್ಯಾಡಾದ್ರ ಒಲ್ಲೆ ಅನ್ನೋ ಹಕ್ಕೂ ಅವರಿಗೆ. ಆ ಒಲ್ಲೆ ಅನ್ನೋ ಹಕ್ಕು ಇಲ್ಲಾಂದ್ರ ಉಳಿದದ್ದೆಲ್ಲಾ ಉಪಕಾರ ಆಗತೈತಿ.

ಲೆಕ್ಕ ಪಕ್ಕಾ

ಅಕ್ಕ, ನಿಗದಿ ಬಾಡಿಗೆ ಅನ್ನೋದು ಮುಖ್ಯ ವ್ಯತ್ಯಾಸ. ಹ್ಯೂಮ್ ಮಾರುಕಟ್ಟೆಯ ಏರಿಳಿತವನ್ನೆಲ್ಲ ತಾನೇ ಹೊತ್ತ. ಮಾರಾದಲ್ಲಿ ಅದನ್ನ ಕ್ಯಾಂಪಿನವರು ಹೊತ್ತಿದ್ದಾರೆ. ಆದರೆ ಕೋವಿಡ್‌ನಲ್ಲಿ?

ನೈರೋಬಿ ಅಕ್ಕ

ಬಾಡಿಗೆ ಕಡಿತ ಆಯ್ತು, ದಾನಿಗಳಿಂದ ಸಾಲ, ನೆರವು ತಂದು ಒಂದಷ್ಟು ತುಂಬಿಸಿದರು. ಆ ಸಮಯದಲ್ಲೇ ಒಂದಿಷ್ಟು ಜನ ಬೇಲಿ ಹಾಕೋಕೆ ಕಂಬ ತಂದರು. ಒಂದು ಸಲ ಬೇಲಿ ಎದ್ದ ಮೇಲೆ ವೈಲ್ಡ್‌ಬೀಸ್ಟ್ ಆ ದಾರಿ ಬಿಡುತ್ತೆ.

ತೋಟದಮನೆ

ಎಲ್ಲವನ್ನೂ ಎರಡೆರಡು ಸಲ ಓದಿದೆ. ನಾನು ಹೊಟ್ಟೆಕಿಚ್ಚುಪಟ್ಟಿದ್ದು ಲಿಂಪೊಪೊದ ಆ ರೈತನ ಮೇಲೆ. ಈಗ ಅನ್ನಿಸ್ತಿದೆ, ನನ್ನ ಪರಿಸ್ಥಿತಿ ಅವನಿಗಿಂತ ಮಾರಾದ ಮಾಸಾಯಿಗೆ ಹತ್ತಿರ. ಆನೆಯ ಪಹಣಿ ನನಗೆ ಬೇಡ, ಅದನ್ನ ಹೊಡೆಯೋಕೂ ಮನಸ್ಸಿಲ್ಲ. ಗಣಪತಿ ಕೂರಿಸೋ ಮನೆ ನಮ್ಮದು. ನನ್ನ ತೋಟದೊಳಗೆ ಅದು ನಡೆದು ಹೋಗೋದಕ್ಕೆ ಒಂದು ಬಾಡಿಗೆ ಅಂತ ಇದ್ದಿದ್ರೆ? ನಮ್ಮ ಕಾನೂನಲ್ಲಿ ಅಂಥದ್ದೇನಾದ್ರೂ ಇದೆಯಾ?

ಕರಿಕೋಟು (ಹಾಸನ, ವಕೀಲೆ)

ಸರ್, 1972ರ ವನ್ಯಜೀವಿ ಕಾಯ್ದೆಯಲ್ಲಿ ಒಡೆತನಕ್ಕೆ ಜಾಗ ಇಲ್ಲ. ನಿಮ್ಮ ತೋಟದಲ್ಲಿ ಜಿಂಕೆ ಸತ್ತು ಬಿದ್ದರೆ ಅದರ ಕೊಂಬೂ ಸರ್ಕಾರದ್ದೇ, ಮನೆಗೆ ತರಬೇಡಿ. 2002ರ ತಿದ್ದುಪಡಿಯಲ್ಲಿ "ಸಮುದಾಯ ಮೀಸಲು" ಅಂತ ಒಂದು ಬಂತು. ಖಾಸಗಿ ಅಥವಾ ಸಮುದಾಯದ ಭೂಮಿಯನ್ನ ಜನರು ಸ್ವಇಚ್ಛೆಯಿಂದ ಸಂರಕ್ಷಣೆಗೆ ಒಪ್ಪಿಸಿದರೆ ಘೋಷಿಸಬಹುದು. ಒಡೆತನ ನಿಮ್ಮದೇ ಇರುತ್ತೆ, ಆದರೆ ಭೂಬಳಕೆ ಬದಲಾಯಿಸೋಕೆ ಒಪ್ಪಿಗೆ ಬೇಕು. ಬಾಡಿಗೆ ಬಗ್ಗೆ ಕಾಯ್ದೆ ಏನೂ ಹೇಳಲ್ಲ.

ಮದ್ದೂರು ವಡೆ

ನಮ್ ಪಕ್ಕದೂರೇ ಕಣಣ್ಣ, ಕೊಕ್ಕರೆ ಬೆಳ್ಳೂರು. 2007ರಲ್ಲಿ ಅದ್ನ ಸಮುದಾಯ ಮೀಸಲು ಅಂತ ಮಾಡುದ್ರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಬಂದು ಗೂಡು ಕಟ್ಟದು ಊರೊಳಗಿನ ಮರದ್ ಮ್ಯಾಲೇ. ಹುಣಸೆ ಮರಗಳು, ಒಂದೊಂದಕ್ಕೂ ಒಬ್ಬೊಬ್ಬ ಯಜಮಾನ. ಗೂಡು ಕಟ್ಟಿದ್ ಮರದಲ್ಲಿ ಹುಣಸೆಹಣ್ಣು ಬಡಿಯಂಗಿಲ್ಲ, ಅದಕ್ಕೆ ಮರದವ್ರಿಗೆ ಅರಣ್ಯ ಇಲಾಖೆಯಿಂದ ಪರಿಹಾರ. ಹಕ್ಕಿ ಸರ್ಕಾರದ್ದು, ಮರ ನಮ್ದು. ಕೆಳಗ್ ಬೀಳೋ ಹಿಕ್ಕೆನೂ ನಮ್ದೇ, ಗದ್ದೆಗೆ ಬೋ ಪಸಂದಾಗಿ ಕೆಲ್ಸ ಮಾಡ್ತದೆ.

ತೋಟದಮನೆ

ಒಂದು ಮರಕ್ಕೆ ಕೊಡೋ ದುಡ್ಡು ಹುಣಸೆಹಣ್ಣು ಮಾರಿದ್ರೆ ಬರೋದಕ್ಕೆ ಸಮ ಇದೆಯಾ?

ಮದ್ದೂರು ವಡೆ

ಎಲ್ಲಿ ಸಮ ಅಣ್ಣ, ಮರದವ್ರು ಕಮ್ಮಿ ಅಂತಲೇ ಅಂತಾರೆ. ಆದ್ರೂ ಹಕ್ಕಿ ಬರದೇ ಇರೋ ವರ್ಷ ಊರಿಗೆ ಏನೋ ಕೆಟ್ಟದಾಯ್ತದೆ ಅಂತ ನಮ್ಮಜ್ಜಿ ಅನ್ನೋರು. ಬನ್ನಿ ಒಂದ್ಸಲ, ಜನವರಿ–ಫೆಬ್ರವರಿಲಿ. ನೈರೋಬಿ ಅಕ್ಕ ಬಂದ್ರೂ ಕರ್ಕೊಂಡ್ ಬನ್ನಿ.

ನೈರೋಬಿ ಅಕ್ಕ

ಬರ್ತೀನಪ್ಪ. ಹಿಕ್ಕೆ ಲೆಕ್ಕ ಆಡಿಟರಿಗೆ ಬಿಡೋಣ.